ಜಡ್ಜ್‌ಗಳನ್ನು ಆರಿಸುವುದು ಯಾರ ಕೆಲಸ?

ಪ್ರಶ್ನೆ: ಜಡ್ಜ್‌ಗಳನ್ನು ಜಡ್ಜ್‌ಗಳೇ ಆರಿಸಿಕೊಳ್ಳುತ್ತಾರಂತೆ. ಇದೆಂಥ ನ್ಯಾಯ? ನಾವು ಓಟು ಹಾಕಿದ ಸರಕಾರವೇ ನೇಮಿಸಿದರೆ ಏನು ತಪ್ಪು? ಅದೂ ಬೇಡವಾದರೆ ಒಂದು ಸ್ವತಂತ್ರ ಆಯೋಗ ಮಾಡಬಹುದಲ್ವಾ?
– ಓದುಗರೊಬ್ಬರು, ಕಾರ್ಕಳ

ಕಾರ್ಕಳದಿಂದಲೇ ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಉತ್ತರಕ್ಕೆ ಬೇಕಾದ ಕತೆ ನಿಮ್ಮ ತಾಲೂಕಿನಲ್ಲೇ ಇದೆ.

ಮೊದಲು ಒಂದು ಗೊಂದಲ ಕಳೆಯೋಣ. ಕಾರ್ಕಳದ ಕೋರ್ಟಿನಲ್ಲಿ ನೀವು ನೋಡುವ ಸಿವಿಲ್ ಜಡ್ಜ್ ಹೈಕೋರ್ಟ್ ನಡೆಸಿದ ಪರೀಕ್ಷೆ ಪಾಸಾಗಿ, ಸಂದರ್ಶನ ಮುಗಿಸಿ ಬಂದವರು. ಜಗಳ ಇರುವುದು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಜಡ್ಜ್‌ಗಳ ಬಗ್ಗೆ. ಅಲ್ಲಿಗೆ ಪರೀಕ್ಷೆ ಇಲ್ಲ, ಅರ್ಜಿ ಕರೆಯುವುದೂ ಇಲ್ಲ.

ಇನ್ನು ಕತೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. ಆ ಹೆಸರಿನ ಹಿಂದಿನ ಮನುಷ್ಯ ಗೊತ್ತಿರುವವರೂ ಕಡಿಮೆಯೇ. ನಿಮ್ಮ ತಾಲೂಕಿನ ಕೌಡೂರು ಸದಾನಂದ ಹೆಗ್ಡೆ 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದವರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್ ಆದರು. ಇವತ್ತು ಹೀಗೇನಾದರೂ ಆದರೆ ಟಿವಿಯಲ್ಲಿ ಒಂದು ವಾರ ಬೇರೆ ಸುದ್ದಿಯೇ ಇರುವುದಿಲ್ಲ. ಆಗ ನೇಮಕದಲ್ಲಿ ಕೊನೆಯ ಮಾತು ಸರಕಾರದ್ದು. 1967ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಬಂದರು.

1973ರ ಏಪ್ರಿಲ್ 24. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹಾಕಿದ್ದ ಕೇಸಿನ ತೀರ್ಪು ಬಂತು. 13 ಜಡ್ಜ್‌ಗಳಲ್ಲಿ ಏಳು ಮಂದಿ, ಸಂಸತ್ತು ಸಂವಿಧಾನದ ಬುಡಕ್ಕೆ ಕೈ ಹಾಕುವ ಹಾಗಿಲ್ಲ ಎಂದರು. ಆ ಏಳರಲ್ಲಿ ಹೆಗ್ಡೆ ಒಬ್ಬರು. ಮರುದಿನವೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊರಬಿತ್ತು. ಸೀನಿಯರ್‌ಗಳಾದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ, ಸರಕಾರದ ಪರ ಬರೆದಿದ್ದ ಎ.ಎನ್. ರೇ ಅವರಿಗೆ ಕುರ್ಚಿ. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು.

ಸರಕಾರವೇ ನೇಮಿಸಿದರೆ ಏನು ತಪ್ಪು ಎಂದಿರಲ್ಲ. 1957ರಲ್ಲಿ ಏನೂ ತಪ್ಪಾಗಲಿಲ್ಲ. ಆದರೆ ಅದೇ ಅಧಿಕಾರ 1973ರಲ್ಲಿ ಬೆತ್ತ ಆಯಿತು. ಕೋರ್ಟಿನಲ್ಲಿ ಎಲ್ಲರಿಗಿಂತ ಜಾಸ್ತಿ ಕೇಸು ಇರುವುದು ಸರಕಾರದ್ದೇ. ಕೋಣಗಳ ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತು ಯಾರ ಕೋಣ ಗೆದ್ದಿತು ಎಂದು ಹೇಳುವವನನ್ನು ಒಂದು ಜೋಡಿ ಕೋಣದ ಯಜಮಾನನೇ ಕರೆತಂದರೆ ಕಂಬಳ ನಡೆದೀತೇ?

ಈ ಹೆದರಿಕೆಯಿಂದಲೇ 1993ರಲ್ಲಿ ಸುಪ್ರೀಂ ಕೋರ್ಟ್ ನೇಮಕವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಂವಿಧಾನದಲ್ಲಿ ಇದ್ದದ್ದು ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯ ಕೇಳಬೇಕು ಎಂದಷ್ಟೇ. ಕೋರ್ಟ್ ಅದನ್ನು ಒಪ್ಪಿಗೆ ಬೇಕು ಎಂದು ಓದಿತು. 1998ರಿಂದ ಸುಪ್ರೀಂ ಕೋರ್ಟಿನ ಹೆಸರುಗಳನ್ನು ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಸೀನಿಯರ್ ಜಡ್ಜ್‌ಗಳು ಆರಿಸುತ್ತಾರೆ. ಇದೇ ಕೊಲಿಜಿಯಂ. ಈ ಪದ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಮುಖ್ಯ ನ್ಯಾಯಮೂರ್ತಿಯೂ ನಮ್ಮಂತೆ ದೌರ್ಬಲ್ಯಗಳಿರುವ ಮನುಷ್ಯನೇ, ಅವರಿಗೆ ವೀಟೋ ಕೊಡುವುದು ಅಪಾಯ ಎಂದು ಅಂಬೇಡ್ಕರ್ 1949ರಲ್ಲೇ ಹೇಳಿದ್ದರು.

ಮುಚ್ಚಿದ ಬಾಗಿಲೊಳಗೆ ನಡೆಯುವ ಆಯ್ಕೆ ಇದು. ಯಾರನ್ನು ಯಾಕೆ ಬಿಟ್ಟರು ಎಂದು ಹೊರಗಿನವರಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕೊಲಿಜಿಯಂ ಎರಡನೇ ಸಲ ಕಳಿಸಿದ ಹೆಸರನ್ನು ಸರಕಾರ ಒಪ್ಪಲೇಬೇಕು ಎಂಬುದು ನಿಯಮ. ಆದರೂ ಫೈಲು ತಿಂಗಳುಗಟ್ಟಲೆ ದೆಹಲಿಯಲ್ಲಿ ಕೊಳೆಯುತ್ತದೆ. ಕಾದು ಸುಸ್ತಾದ ವಕೀಲರು ಸುಮ್ನೆ ತಮ್ಮ ಪ್ರಾಕ್ಟೀಸಿಗೆ ಮರಳುತ್ತಾರೆ. ಬೇಡ ಎಂದು ಬಾಯಿಬಿಟ್ಟು ಹೇಳದೆಯೇ ಸರಕಾರದ ಕೆಲಸ ಆಯಿತು!

ಆಯೋಗವನ್ನೂ ಒಮ್ಮೆ ಮಾಡಿ ನೋಡಿದ್ದಾರೆ. 2014ರಲ್ಲಿ ಸಂಸತ್ತು ಆರು ಜನರ ಆಯೋಗ ರಚಿಸಿತು: ಮೂವರು ಜಡ್ಜ್‌ಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಇಬ್ಬರು ಬೇಡ ಎಂದರೆ ಆ ಹೆಸರು ಬಿದ್ದುಹೋಗುತ್ತಿತ್ತು. ಗಣ್ಯರು ಎಂದರೆ ಯಾರು? ಅದಕ್ಕೊಂದು ವಿವರಣೆಯೂ ಇರಲಿಲ್ಲ. ಮಂತ್ರಿಗೆ ಒಬ್ಬ ಗಣ್ಯರು ಜೊತೆಯಾದರೆ ಮೂರೂ ಜಡ್ಜ್‌ಗಳ ಮಾತು ನಡೆಯದು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 4–1ರಲ್ಲಿ ಇದನ್ನು ರದ್ದು ಮಾಡಿತು. ಒಪ್ಪದ ಒಬ್ಬರು ಜಸ್ಟಿಸ್ ಚಲಮೇಶ್ವರ್.

ರದ್ದು ಮಾಡಿದ್ದು ಸರಿ, ಮತ್ತೆ ಅದೇ ಕೊಲಿಜಿಯಂಗೆ ಮರಳಿದ್ದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಇಂಗ್ಲೆಂಡಿನಲ್ಲಿ 2006ರಿಂದ ಆಯೋಗ ಇದೆ. ಅದರ ಅಧ್ಯಕ್ಷರು ಜಡ್ಜ್ ಆಗಿರುವಂತಿಲ್ಲ, ವಕೀಲರೂ ಆಗಿರುವಂತಿಲ್ಲ. ಹುದ್ದೆಗೆ ಜಾಹೀರಾತು ಕೊಟ್ಟು ಅರ್ಜಿ ಕರೆಯುತ್ತಾರೆ. ಹೆಸರು ಬೇಡ ಎನ್ನುವವರು ಕಾರಣ ಬರೆದು ಕೊಡಬೇಕು. ನನಗೆ ಬೇಕಾದದ್ದು ಇಂಥ ಆಯೋಗ. ಸರಕಾರಕ್ಕೂ ಅಲ್ಲೊಂದು ಕುರ್ಚಿ ಇರಲಿ. ತಡೆಯುವ ಕೀಲಿ ಮಾತ್ರ ಬೇಡ.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತದೆ. ನಿನ್ನೆಯವರೆಗೆ ಆಳುವ ಪಕ್ಷದ ಸಂಸದರಾಗಿದ್ದ ವಕೀಲರೊಬ್ಬರ ಅರ್ಜಿ ನನ್ನ ಆಯೋಗಕ್ಕೆ ಬಂದರೆ, ಮೊದಲ ಸುತ್ತಿನಲ್ಲೇ ಬದಿಗಿಡುತ್ತಿದ್ದರು. ಕೌಡೂರಿನ ಹೆಗ್ಡೆಯವರದ್ದನ್ನೂ.