ವಕೀಲರು ಕುಡಿದು ಬಂದರೆ ಕೇಸು ಮತ್ತೆ ನಡೆಯುತ್ತಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಆರೋಪಿಯ ವಕೀಲರು ಕುಡಿದೋ, ನಿದ್ದೆಗಣ್ಣಲ್ಲೋ ಕೇಸು ನಡೆಸಿದರು ಅಂತಿಟ್ಟುಕೊಳ್ಳಿ. ಶಿಕ್ಷೆಯೂ ಆಯಿತು. ಆ ತೀರ್ಪು ರದ್ದಾಗುತ್ತಾ?

ಉತ್ತರ: ನಿದ್ದೆ ಹೋಗಿದ್ದರೆ ಆಗಬಹುದು. ಕುಡಿದಿದ್ದರೆ ಕಷ್ಟ. ವಿಚಿತ್ರ ಅಲ್ವಾ?

ಅಲ್ಲಿನ ಸಂವಿಧಾನದ 6ನೇ ತಿದ್ದುಪಡಿ ಆರೋಪಿಗೆ ವಕೀಲರ ನೆರವಿನ ಹಕ್ಕು ಕೊಡುತ್ತದೆ. ಸುಮ್ನೆ ಹೆಸರಿಗೊಬ್ಬರು ಪಕ್ಕದಲ್ಲಿ ಕೂತರೆ ಸಾಲದು. ಆದರೆ ಅಮೆರಿಕದ ಸುಪ್ರೀಂ ಕೋರ್ಟಿನ 1984ರ ಸ್ಟ್ರಿಕ್‌ಲ್ಯಾಂಡ್ ತೀರ್ಪಿನ ಪ್ರಕಾರ ಆರೋಪಿ ಎರಡು ಸಂಗತಿ ತೋರಿಸಬೇಕು. ವಕೀಲರ ಕೆಲಸ ತೀರಾ ಕಳಪೆಯಾಗಿತ್ತು ಅನ್ನುವುದು ಒಂದು. ಅದು ನೆಟ್ಟಗಿದ್ದಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆ ನಿಜಕ್ಕೂ ಇತ್ತು ಅನ್ನುವುದು ಇನ್ನೊಂದು. ಜಾಸ್ತಿ ಜನ ಸೋಲುವುದು ಈ ಎರಡನೆಯದರಲ್ಲಿ.

ಟೆಕ್ಸಾಸ್‌ನ ಕ್ಯಾಲ್ವಿನ್ ಬರ್ಡೈನ್‌ಗೆ 1984ರಲ್ಲಿ ಕೊಲೆ ಕೇಸಿನಲ್ಲಿ ಮರಣದಂಡನೆ ಆಯಿತು. ವಿಚಾರಣೆಯುದ್ದಕ್ಕೂ ಅವನ ವಕೀಲರು ಮತ್ತೆ ಮತ್ತೆ ತೂಕಡಿಸಿದ್ದರು, ಸರ್ಕಾರಿ ವಕೀಲರು ಸಾಕ್ಷಿಗಳನ್ನು ಕೇಳುತ್ತಿದ್ದಾಗ ಕೂಡ. ಇದನ್ನು ಹೇಳಿದವರು ಜ್ಯೂರಿಯಲ್ಲಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಕೂತಿದ್ದವರು, ಕೋರ್ಟಿನ ಕ್ಲರ್ಕ್. ಆದರೂ 2000ದಲ್ಲಿ ಫೆಡರಲ್ ಮೇಲ್ಮನವಿ ಕೋರ್ಟಿನ ಮೂವರ ಪೀಠ ಬರ್ಡೈನ್ ವಿರುದ್ಧವೇ ತೀರ್ಪು ಕೊಟ್ಟಿತು. ಮುಖ್ಯವಾದ ಹೊತ್ತಲ್ಲೇ ನಿದ್ದೆ ಹೋಗಿದ್ದರು ಅನ್ನಲು ದಾಖಲೆ ಎಲ್ಲಿ ಅನ್ನುವುದು ಅದರ ವಾದ. ಮಲಗಿದವರ ನಿದ್ದೆಗೆ ಕಟಕಟೆಯಲ್ಲಿದ್ದವನು ಲೆಕ್ಕ ಇಡಬೇಕಿತ್ತಂತೆ! 2001ರಲ್ಲಿ ಅದೇ ಕೋರ್ಟಿನ ಪೂರ್ಣ ಪೀಠ 9–5ರಿಂದ ಇದನ್ನು ತಿರುಗಿಸಿತು. ಎಚ್ಚರವಿಲ್ಲದ ವಕೀಲರು ಇಲ್ಲದಂತೆಯೇ ಲೆಕ್ಕ, ಹಾಗಾಗಿ ಫಲಿತಾಂಶ ಬದಲಾಗುತ್ತಿತ್ತೇ ಅಂತ ಕೇಳುವಂತಿಲ್ಲ ಎಂದಿತು. 2003ರಲ್ಲಿ ಬರ್ಡೈನ್ ತಪ್ಪೊಪ್ಪಿಕೊಂಡ, ಜೀವಾವಧಿ ಶಿಕ್ಷೆಯಾಯಿತು.

ಕುಡುಕ ವಕೀಲರ ಮಾತೂ ಅದೇ 2001ರ ತೀರ್ಪಿನಲ್ಲಿ ಬರುತ್ತದೆ. ಅಮಲಿನಲ್ಲಿದ್ದರೂ ಅವರು ಅರೆಬರೆಯಾಗಿಯಾದರೂ ಯೋಚಿಸುತ್ತಾರೆ ಅಂತ. ಹಾಗಾಗಿ ಅಲ್ಲಿ ಬಾಟಲಿ ತೋರಿಸಿದರೆ ಸಾಲದು. ಯಾವ ಸಾಕ್ಷಿಯನ್ನು ಕರೆಯಲಿಲ್ಲ, ಯಾವ ಪ್ರಶ್ನೆ ಕೇಳಲಿಲ್ಲ, ಅದರಿಂದ ಏನು ಕೆಟ್ಟಿತು ಅಂತ ಬಿಡಿಬಿಡಿಯಾಗಿ ತೋರಿಸಬೇಕು. ನನ್ನ ಪ್ರಕಾರ ಇದು ಅನ್ಯಾಯ. ಅಮಲು ಎಲ್ಲೆಲ್ಲಿ ಕೈಕೊಟ್ಟಿತು ಅನ್ನುವುದು ಕೋರ್ಟಿನ ದಾಖಲೆಯಲ್ಲಿ ಎಲ್ಲಿ ಸಿಗುತ್ತದೆ?

ಜಾರ್ಜಿಯಾದ ರಾಬರ್ಟ್ ಹೋಲ್ಸಿ ಕೇಸಿನಲ್ಲಿ ವಕೀಲರೇ ಆಮೇಲೆ ಒಪ್ಪಿಕೊಂಡರು: 1997ರ ವಿಚಾರಣೆ ನಡೆದಷ್ಟು ದಿನ ರಾತ್ರಿಗೆ ಹೆಚ್ಚುಕಡಿಮೆ ಒಂದು ಲೀಟರ್ ವೋಡ್ಕಾ. ಹೋಲ್ಸಿ ಬಾಲ್ಯದಲ್ಲಿ ತಿಂದ ಪೆಟ್ಟು, ಅವನ ಬುದ್ಧಿಮಟ್ಟ, ಇವೆಲ್ಲ ಜ್ಯೂರಿಗೆ ಸರಿಯಾಗಿ ತಲುಪಲೇ ಇಲ್ಲ. ಒಬ್ಬ ನ್ಯಾಯಾಧೀಶರು ಮರಣದಂಡನೆ ರದ್ದುಮಾಡಿದರು. ರಾಜ್ಯದ ಸುಪ್ರೀಂ ಕೋರ್ಟ್, ಅದೆಲ್ಲ ಹೇಳಿದ್ದರೂ ಶಿಕ್ಷೆ ಬದಲಾಗುತ್ತಿರಲಿಲ್ಲ ಅಂತ ಅದನ್ನು ವಾಪಸ್ ತಂದಿತು. 2014ರ ಡಿಸೆಂಬರ್ 9ರಂದು ಶಿಕ್ಷೆ ಜಾರಿಯಾಯಿತು.