ಕ್ಲಿಯರೆನ್ಸ್ ಸಿಕ್ಕಿತು, ಅಂತರ ಕಾಯುವವರು ಯಾರು?

ಪೈಲಟ್ ಆಗಲು ಏರ್ ರೆಗ್ಯುಲೇಷನ್ಸ್, ಅಂದರೆ ಹಾರಾಟದ ನಿಯಮಗಳ ಪರೀಕ್ಷೆಗೆ ಓದುತ್ತಿರುವ ಯಾವ ವಿದ್ಯಾರ್ಥಿಯನ್ನು ಕೇಳಿದರೂ ವಾಯುಪ್ರದೇಶದ ಏಳು ವರ್ಗಗಳನ್ನು, ಎ ಇಂದ ಜಿ ವರೆಗೆ, ಮಗ್ಗಿಯಂತೆ ಒಪ್ಪಿಸುತ್ತಾನೆ. ಅವನನ್ನೇ ಕಾಕ್‌ಪಿಟ್‌ನಲ್ಲಿ ಕೂರಿಸಿಕೊಂಡು, "ಈಗ ನಿನಗೂ ಆ ಎದುರಿನ ವಿಮಾನಕ್ಕೂ ನಡುವೆ ಅಂತರ ಕಾಯುತ್ತಿರುವವರು ಯಾರು?" ಎಂದು ಕೇಳಿದರೆ, "ಟವರ್, ಸರ್" ಎನ್ನುತ್ತಾನೆ, ಅಂದರೆ ನಿಲ್ದಾಣದ ಟವರಿನಲ್ಲಿ ಕೂತ ಕಂಟ್ರೋಲರ್. ಡಿ ವರ್ಗದಲ್ಲಿ ವಿಎಫ್‌ಆರ್ ನಿಯಮದಡಿ, ಅಂದರೆ ಕಣ್ಣಿಂದ ನೋಡಿಕೊಂಡು ಹಾರುತ್ತಿರುವವನಿಗೆ ಆ ಉತ್ತರ ತಪ್ಪು. ಅಲ್ಲಿ ಅಂತರ ಕಾಯಬೇಕಾದವನು ಅವನೇ.

ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಪ್ರತಿ ಅಕ್ಷರಕ್ಕೂ ಈ ಒಂದೇ ಪ್ರಶ್ನೆ ಹಾಕಿ ನೋಡಿ. ಎ ವರ್ಗದಲ್ಲಿ ವಿಎಫ್‌ಆರ್‌ಗೆ ಪ್ರವೇಶವೇ ಇಲ್ಲ; ಉಪಕರಣ ನೋಡಿ ಹಾರುವ ಐಎಫ್‌ಆರ್ ವಿಮಾನಗಳು ಮಾತ್ರ, ಎಲ್ಲರ ಅಂತರವೂ ಕಂಟ್ರೋಲರ್ ಹೊಣೆ. ಬಿ ವರ್ಗದಲ್ಲಿ ಇಬ್ಬರೂ ಹಾರಬಹುದು, ಎಲ್ಲರನ್ನೂ ಎಲ್ಲರಿಂದಲೂ ದೂರ ಇಡುತ್ತಾರೆ. ಸಿ ವರ್ಗದಲ್ಲಿ ಐಎಫ್‌ಆರ್ ವಿಮಾನದಿಂದ ನಿಮ್ಮನ್ನು ದೂರ ಇಡುತ್ತಾರೆ, ಇನ್ನೊಬ್ಬ ವಿಎಫ್‌ಆರ್ ಪೈಲಟ್‌ನಿಂದ ಅಲ್ಲ. ಡಿ ವರ್ಗಕ್ಕೆ ಬಂದಾಗ ನಿಮಗೆ ಸಿಗುವುದು ಬರೀ ಟ್ರಾಫಿಕ್ ಮಾಹಿತಿ, ಅಂದರೆ ಹತ್ತಿರದ ವಿಮಾನ ಎಲ್ಲಿದೆ ಎಂಬ ಸುಳಿವು. ಇ ವರ್ಗದಲ್ಲಿ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ವಿಎಫ್‌ಆರ್‌ಗೆ ಕ್ಲಿಯರೆನ್ಸ್, ಅಂದರೆ ಕಂಟ್ರೋಲರ್ ಅನುಮತಿ ಬೇಕಿಲ್ಲ, ಮಾಹಿತಿಯೂ ಸಾಧ್ಯವಾದಷ್ಟು ಮಾತ್ರ. ಎಫ್ ಮತ್ತು ಜಿ ವರ್ಗಗಳಲ್ಲಿ ನಿಯಂತ್ರಣವೇ ಇಲ್ಲ.

ಪ್ರತಿ ದೇಶವೂ ಈ ಏಳರಲ್ಲಿ ತನಗೆ ಬೇಕಾದಷ್ಟನ್ನು ಆರಿಸಿಕೊಳ್ಳುತ್ತದೆ, ಅಲ್ಲಲ್ಲಿ ತನ್ನದೇ ಷರತ್ತು ಸೇರಿಸುತ್ತದೆ. ನೀವು ಹಾರುವ ಜಾಗಕ್ಕೆ ಯಾವ ಅಕ್ಷರ ಎಂಬುದನ್ನು ಚಾಲ್ತಿಯಲ್ಲಿರುವ ಎಐಪಿಯಲ್ಲೇ, ಅಂದರೆ ದೇಶದ ಅಧಿಕೃತ ವೈಮಾನಿಕ ಮಾಹಿತಿ ಪ್ರಕಟಣೆಯಲ್ಲೇ ನೋಡಿ. ಅದರ ತಿದ್ದುಪಡಿಗಳು ಜಾರಿಗೆ ಬರುವ ದಿನಾಂಕಗಳು 28 ದಿನಗಳ ಚಕ್ರದಲ್ಲಿ ಸುತ್ತುತ್ತವೆ. ಹಿಂದಿನ ಬ್ಯಾಚಿನವರು ಕೊಟ್ಟ ಜೆರಾಕ್ಸ್ ನೋಟ್ಸ್ ಪರೀಕ್ಷೆ ಪಾಸು ಮಾಡಿಸಬಹುದು, ಅಷ್ಟೆ.

ಡಿ ವರ್ಗದಲ್ಲೇ ಗೊಂದಲ ಹೆಚ್ಚು. ಕಾರಣ ಸರಳ: ಅಲ್ಲಿ ಕ್ಲಿಯರೆನ್ಸ್ ಬೇಕು, ರೇಡಿಯೊ ಸಂಪರ್ಕ ಬೇಕು, ಟವರ್ ಹೇಳಿದಂತೆ ಕೇಳಬೇಕು. ಇಷ್ಟೆಲ್ಲ ಇದ್ದಮೇಲೆ ಯಾರೋ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಧೈರ್ಯ ತಾನಾಗಿಯೇ ಬರುತ್ತದೆ. ಆದರೆ ಕಂಡಕ್ಟರ್ "ರೈಟ್" ಎಂದ ಮಾತ್ರಕ್ಕೆ ಮುಂದೆ ನಿಂತ ಲಾರಿಯನ್ನು ಡ್ರೈವರ್ ನೋಡಬೇಕಿಲ್ಲವೇ?

ಸರ್ಕ್ಯೂಟ್‌ನಲ್ಲಿ, ಅಂದರೆ ಇಳಿಯಲು ರನ್‌ವೇ ಸುತ್ತ ಹಾಕುವ ಸುತ್ತಿನಲ್ಲಿ, ಇದು ಹೀಗೆ ಕಾಣುತ್ತದೆ. ವಿದ್ಯಾರ್ಥಿ ಡೌನ್‌ವಿಂಡ್‌ನಲ್ಲಿದ್ದಾನೆ, ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಸಾಗುತ್ತಿದ್ದಾನೆ. ಇಳಿಯುವ ಸರದಿಯಲ್ಲಿ ಅವನು ಎರಡನೆಯವನೆಂದೂ ಮುಂದೆ ಬೇಸ್ ಲೆಗ್‌ನಲ್ಲಿ (ರನ್‌ವೇ ಕಡೆಗೆ ಅಡ್ಡ ತಿರುಗುವ ಮುಂದಿನ ಹಂತ) ಒಂದು ಸೆಸ್ನಾ ವಿಮಾನ ಇದೆಯೆಂದೂ ಟವರ್ ತಿಳಿಸುತ್ತದೆ. ಅವನು ಥಟ್ಟನೆ "ರೋಜರ್" ಎಂದು ಏರ್‌ಸ್ಪೀಡ್ ಮುಳ್ಳಿಗೆ ಕಣ್ಣು ಹಿಂತಿರುಗಿಸುತ್ತಾನೆ. ಟವರ್‌ಗೆ ಬೇಕಾಗಿದ್ದದ್ದು ಅದಲ್ಲ. ಕಂಡಿದ್ದರೆ "ಟ್ರಾಫಿಕ್ ಇನ್ ಸೈಟ್", ಹುಡುಕುತ್ತಿದ್ದರೆ "ಲುಕಿಂಗ್ ಔಟ್", ಹುಡುಕಿಯೂ ಕಾಣದಿದ್ದರೆ "ನೆಗೆಟಿವ್ ಕಾಂಟ್ಯಾಕ್ಟ್" ಎನ್ನಬೇಕು. ಕೊನೆಯದನ್ನು ಹೇಳಲು ಹುಡುಗರಿಗೆ ಏಕೋ ಸಂಕೋಚ, ಕಣ್ಣು ಸರಿಯಿಲ್ಲ ಎಂದು ಒಪ್ಪಿಕೊಂಡಂತೆ! ಅದನ್ನು ಹೇಳಿದರೇ ಟವರ್ ಮತ್ತೊಮ್ಮೆ ಜಾಗ ಗುರುತಿಸಿ ಹೇಳೀತು.

ಹುಡುಕುವುದಕ್ಕೆ ಸಮಯವೂ ಹೆಚ್ಚಿರುವುದಿಲ್ಲ. ತಲಾ 100 ನಾಟ್ ವೇಗದಲ್ಲಿ ಎರಡು ತರಬೇತಿ ವಿಮಾನಗಳು ಎದುರುಬದುರಾಗಿ ಬಂದರೆ ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು ದೂರ ಕರಗುತ್ತದೆ. 5 ಕಿಲೋಮೀಟರ್ ದೂರದಿಂದಲೇ ಕಂಡರೂ 50 ಸೆಕೆಂಡಿಗಿಂತ ಕಡಿಮೆ. ಸಣ್ಣ ವಿಮಾನ ಅಷ್ಟು ದೂರಕ್ಕೆ ಕಾಣುವುದೂ ಕಷ್ಟ. ಗಾಜಿನ ಮೇಲೆ ಸರಿಯುತ್ತಾ ಹೋಗುವ ಚುಕ್ಕೆ ಸಾಮಾನ್ಯವಾಗಿ ದಾಟಿಹೋಗುತ್ತದೆ. ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುವ ಚುಕ್ಕೆಗೆ ಹೆದರಬೇಕು. ದುರದೃಷ್ಟಕ್ಕೆ, ಅಲುಗದ ವಸ್ತುವನ್ನೇ ನಮ್ಮ ಕಣ್ಣು ಬೇಗ ಗಮನಿಸುವುದಿಲ್ಲ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು, ಅಡ್ಡ ಬಂದರೆ ಬಲಗಡೆಯವನಿಗೆ ದಾರಿ ಬಿಡಬೇಕು. ಇದಕ್ಕೆ ವರ್ಗಭೇದವಿಲ್ಲ.

ಕಣ್ಣೇ ಆಧಾರವೆಂದ ಮೇಲೆ ಹವಾಮಾನದ ಕನಿಷ್ಠ ಮಿತಿಗಳು ಏಕಿವೆ ಎಂಬುದೂ ಅರ್ಥವಾಗುತ್ತದೆ. 10,000 ಅಡಿಯ ಕೆಳಗೆ 5 ಕಿಲೋಮೀಟರ್ ಗೋಚರತೆ, ಮೋಡದಿಂದ ಅಡ್ಡಲಾಗಿ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ. ಮೋಡದೊಳಗಿಂದ ಐಎಫ್‌ಆರ್ ವಿಮಾನವೊಂದು ಹೊರಬಿದ್ದರೆ ಪರಸ್ಪರ ನೋಡಿ ತಪ್ಪಿಸಿಕೊಳ್ಳಲು ಇಬ್ಬರಿಗೂ ಅಷ್ಟಾದರೂ ಜಾಗ ಬೇಕು. ಎಫ್ ಮತ್ತು ಜಿ ವರ್ಗಗಳಲ್ಲಿ ತಗ್ಗಿನಲ್ಲಿ ಹಾರುವವನಿಗೆ ಮೋಡದಿಂದ ಇರಬೇಕಾದ ದೂರದಲ್ಲಿ ಮಾತ್ರ ಒಂದು ರಿಯಾಯಿತಿ ಇದೆ: ಮೋಡದ ಹೊರಗಿದ್ದು ನೆಲ ಕಾಣುತ್ತಿದ್ದರೆ ಸಾಕು. ತಗ್ಗು ಎಂದರೆ ಸಮುದ್ರಮಟ್ಟದಿಂದ 3,000 ಅಡಿ, ಅಥವಾ ನೆಲದಿಂದ 1,000 ಅಡಿ, ಎರಡರಲ್ಲಿ ಯಾವುದು ಹೆಚ್ಚೋ ಅದು. ಕರಾವಳಿಯವರಿಗೆ ಮೊದಲ ಸಂಖ್ಯೆ ಸಾಕು. ಆದರೆ ಬೆಂಗಳೂರಿನ ಜಕ್ಕೂರು ತರಬೇತಿ ನಿಲ್ದಾಣದ ರನ್‌ವೇ ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ಬೆಂಗಳೂರಿನಷ್ಟೇ ಎತ್ತರದ ನೆಲದ ಮೇಲೆ, ನಿಯಂತ್ರಿತ ಪ್ರದೇಶದ ಹೊರಗೆ ಹಾರುವಾಗ ಆ ಗಡಿ 4,000 ಅಡಿಗೆ ಏರುತ್ತದೆ. "ಯಾವುದು ಹೆಚ್ಚೋ ಅದು" ಎಂಬ ಬಾಲವನ್ನು ಬಿಟ್ಟು ಓದಿದವರು ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಎತ್ತರದ ಆಯ್ಕೆಯಲ್ಲೂ ಇದೇ ಲೆಕ್ಕ ಬರುತ್ತದೆ. ನೆಲದಿಂದ 3,000 ಅಡಿ ಮೀರಿ ಸಮತಟ್ಟಾಗಿ ಸಾಗುವ ವಿಎಫ್‌ಆರ್ ವಿಮಾನ, ಪೂರ್ವಾರ್ಧದ ದಿಕ್ಕಿನಲ್ಲಿ ಬೆಸ ಸಾವಿರಕ್ಕೆ 500 ಸೇರಿಸಿ, ಪಶ್ಚಿಮಾರ್ಧದಲ್ಲಿ ಸಮ ಸಾವಿರಕ್ಕೆ 500 ಸೇರಿಸಿ ಹಾರಬೇಕು. ಬೆಂಗಳೂರಿನಿಂದ ನೈರುತ್ಯಕ್ಕೆ ಮೈಸೂರಿನ ಕಡೆ 6,500, ವಾಪಸಾಗುವಾಗ 7,500. ಕಾಗದದ ಮೇಲಿನ ಈ 1,000 ಅಡಿ, ಎತ್ತರ ತೋರಿಸುವ ಆಲ್ಟಿಮೀಟರಿನ ಒತ್ತಡವನ್ನು ಇಬ್ಬರೂ ಸರಿಯಾಗಿ ಹೊಂದಿಸಿಕೊಂಡಿದ್ದರೆ ಮಾತ್ರ ನಿಜವಾದ 1,000 ಅಡಿ.

ಕ್ಲಿಯರೆನ್ಸ್ ಬಗ್ಗೆ ಇನ್ನೊಂದು ಮಾತು. ಕಂಟ್ರೋಲರ್ ಒಂದು ದಿಕ್ಕು ಕೊಟ್ಟ, ಆ ದಿಕ್ಕಿನಲ್ಲಿ ಮೋಡ ಗುಡ್ಡೆಹಾಕಿಕೊಂಡಿದೆ ಎನ್ನೋಣ. ಅವನ ಪರದೆಯ ಮೇಲೆ ನಿಮ್ಮ ಮುಂದಿನ ಮೋಡ ನಿಮಗೆ ಕಂಡಂತೆ ಕಾಣುವುದಿಲ್ಲ. ಐಎಫ್‌ಆರ್ ಅರ್ಹತೆಯಿಲ್ಲದ ವಿದ್ಯಾರ್ಥಿ, ಹೇಳಿದ್ದಾರಲ್ಲ ಎಂದು ಒಳಗೆ ನುಗ್ಗಿದರೆ ನಿಯಮ ಮುರಿದವನು ವಿದ್ಯಾರ್ಥಿಯೇ. ಇಂಥಲ್ಲಿ "ಅನೇಬಲ್" (ಪಾಲಿಸಲಾಗದು) ಎಂದು ಹೇಳಿ, ಕಾರಣ ಮೋಡವೆಂದು ತಿಳಿಸಿ, ನಿಮಗೆ ಯಾವ ದಿಕ್ಕು ಅಥವಾ ಎತ್ತರ ಆಗುತ್ತದೆಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ.