ತಂಡ ಸೋಲುತ್ತಲೇ ಇದ್ದರೆ, ಹೊಸ ಕ್ವಾರ್ಟರ್‌ಬ್ಯಾಕ್ ಸುಧಾರಿಸುತ್ತಿದ್ದಾನೋ ಇಲ್ಲವೋ ತಿಳಿಯೋದು ಹೇಗೆ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಈಚೆಗೆ ನೋಡಲು ಶುರುಮಾಡಿದ್ದೇನೆ. ತಂಡ ಸೋತಾಗಲೆಲ್ಲ ಅರ್ಧ ಜನ ಪಾಸ್ ಎಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕನ್ನು ಬೈಯುತ್ತಾರೆ, ಉಳಿದವರು ಕೋಚನ್ನು. ತಪ್ಪು ಯಾರದೆಂದು ನಾವೇ ಕಂಡುಕೊಳ್ಳಬಹುದೇ?

ಬಹುಮಟ್ಟಿಗೆ ಕಂಡುಕೊಳ್ಳಬಹುದು. ಆದರೆ ಮೊದಲು ನೋಡಬೇಕಾದ್ದು ಸೋಲು-ಗೆಲುವೂ ಅಲ್ಲ, ಎಲ್ಲರೂ ಹೇಳುವ ಪಾಸ್ ಶೇಕಡಾವಾರೂ (ಎಸೆದ ನೂರರಲ್ಲಿ ಎಷ್ಟು ಪಾಸ್ ಕೈಗೆ ಸಿಕ್ಕವು ಎಂಬುದು) ಅಲ್ಲ. ಸ್ಯಾಕ್‌ಗಳನ್ನು, ಅಂದರೆ ಪಾಸ್ ಎಸೆಯುವ ಮೊದಲೇ ಎದುರಾಳಿಗಳು ಕ್ವಾರ್ಟರ್‌ಬ್ಯಾಕನ್ನು ಕೆಡವಿದ ಸಲಗಳನ್ನು ನೋಡಿ, ಅದೂ ಗಡಿಯಾರ ಹಿಡಿದು.

ಶಿಕಾಗೊ ಬೇರ್ಸ್ ತಂಡದ ಕೇಲಬ್ ವಿಲಿಯಮ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 2024ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ) ಮೊಟ್ಟಮೊದಲು ಆಯ್ಕೆಯಾದವನು. ಆ ವರ್ಷ ತಂಡ ಗೆದ್ದದ್ದು 5, ಸೋತದ್ದು 12. ಅದರಲ್ಲಿ 10 ಸೋಲು ಸಾಲಾಗಿ ಬಂದವು. ಅವನ ಲೆಕ್ಕ: 3,541 ಗಜ, 20 ಟಚ್‌ಡೌನ್, ಬರೀ 6 ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಪಾಸ್), 68 ಸ್ಯಾಕ್. ಮರುವರ್ಷ ಅದೇ ತಂಡ 11-6 (11 ಗೆಲುವು, 6 ಸೋಲು). ಪಾಸ್ ಶೇಕಡಾವಾರು ಮಾತ್ರ 62.5ರಿಂದ 58.1ಕ್ಕೆ ಇಳಿದಿತ್ತು! ಅದೊಂದನ್ನೇ ನೋಡಿದವರು ಹುಡುಗ ಹಿಂದೆ ಬಿದ್ದ ಎನ್ನಬೇಕಿತ್ತು. ಸ್ಯಾಕ್ 68ರಿಂದ 24ಕ್ಕೆ ಇಳಿದದ್ದನ್ನು ನೋಡಿದವರಿಗೆ ನಿಜ ಗೊತ್ತಾಯಿತು.

ಶೇಕಡಾವಾರು ಮೋಸ ಮಾಡುವುದು ಹೀಗೆ: ಥರ್ಡ್ ಡೌನ್ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಿರುವುದು 9 ಗಜ. 4 ಗಜದ ಪಾಸ್ ಕೈಗೆ ಸಿಕ್ಕರೂ ಅದು ಯಶಸ್ವಿ ಪಾಸ್ ಎಂದೇ ದಾಖಲಾಗುತ್ತದೆ, ಮುಂದಿನ ಆಟಕ್ಕೆ ಪಂಟ್ ಮಾಡಬೇಕು, ಅಂದರೆ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕು. ಅದೇ, ದಾರಿ ಕಾಣದೆ ಚೆಂಡನ್ನು ಗೆರೆಯಾಚೆ ಎಸೆದರೆ ಲೆಕ್ಕದಲ್ಲಿ ವಿಫಲ; ಆದರೆ ಏಳೆಂಟು ಗಜ ಕಳೆಯುವ ಸ್ಯಾಕ್ ತಪ್ಪಿರುತ್ತದೆ.

ಈಗ ಗಡಿಯಾರದ ವಿಚಾರ. ರೀಪ್ಲೇ ಹಾಕಿ, ಸ್ನ್ಯಾಪ್ ಆದ (ಚೆಂಡು ಹಿಂದಕ್ಕೆ ಬಂದು ಆಟ ಶುರುವಾದ) ಕ್ಷಣದಿಂದ ಫೋನಿನ ಸ್ಟಾಪ್‌ವಾಚ್ ಒತ್ತಿ. ಎದುರಾಳಿಗಳು ನಾಲ್ಕೇ ಜನ ನುಗ್ಗಿದ್ದು, 2.5 ಸೆಕೆಂಡಿನೊಳಗೇ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳಿದರೆ ತಪ್ಪು ಹೆಚ್ಚಾಗಿ ಅವನನ್ನು ಕಾಯುವ ಐವರ ಸಾಲಿನದು, ಅಂದರೆ ಲೈನ್‌ನದು: ಐವರು ಸೇರಿ ನಾಲ್ವರನ್ನು ತಡೆಯಲಿಲ್ಲ. ಆರೇಳು ಜನ ನುಗ್ಗಿದರೆ ಮಾತು ಬೇರೆ. ಆಗ ಒಬ್ಬನಾದರೂ ತಡೆಯಿಲ್ಲದೆ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಅವನು ಯಾರೆಂದು ಸ್ನ್ಯಾಪ್‌ಗೆ ಮೊದಲೇ ಗುರುತಿಸಿ, ಪಾಸ್ ಹಿಡಿಯುವ ಹತ್ತಿರದ ರಿಸೀವರ್‌ಗೆ ಚೆಂಡು ದಾಟಿಸುವುದು ಕ್ವಾರ್ಟರ್‌ಬ್ಯಾಕನದೇ ಕೆಲಸ. ಮೂರು ಸೆಕೆಂಡು ದಾಟಿದ ಮೇಲಿನ ಸ್ಯಾಕ್‌ಗಳಲ್ಲಿ ಬಹುಪಾಲು ಅವನ ಖಾತೆಗೆ. ಹಿಂದಕ್ಕೆ ಓಡುತ್ತಾ ಓಡುತ್ತಾ 15 ಗಜ ಕಳೆದುಕೊಂಡರಂತೂ ಬೇರೆ ಯಾರನ್ನೂ ಕೇಳಬೇಕಿಲ್ಲ. ಕಾಲೇಜಿನಲ್ಲಿ ಹಾಗೆ ಓಡಿ ತಪ್ಪಿಸಿಕೊಂಡೇ ಹೆಸರು ಮಾಡಿದವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಬಂದು ಸಿಕ್ಕಿಬೀಳುವುದು ಇಲ್ಲೇ. ಇಲ್ಲಿ ಬೆನ್ನಟ್ಟುವವರೂ ಅಷ್ಟೇ ಚುರುಕು.

ವಿಲಿಯಮ್ಸ್‌ನ 68 ಸ್ಯಾಕ್‌ಗಳಲ್ಲಿ ಲೈನ್‌ನ ತಪ್ಪು, ಅವನ ತಪ್ಪು ಎರಡೂ ಬೆರೆತಿದ್ದವು. ಬೇರ್ಸ್ ಮಾಡಿದ ರಿಪೇರಿಯೂ ಅದನ್ನೇ ಹೇಳುತ್ತದೆ. 2025ಕ್ಕೆ ಮೊದಲು ಲೈನ್‌ನ ನಡುವಿನ ಮೂರೂ ಜಾಗಕ್ಕೆ ಹೊಸಬರು ಬಂದರು: ಜೋ ಥೂನಿ, ಡ್ರೂ ಡಾಲ್ಮನ್, ಜೋನಾ ಜ್ಯಾಕ್ಸನ್. ಪಕ್ಕದಿಂದ ಬರುವವನನ್ನು ಎರಡು ಹೆಜ್ಜೆ ಮುಂದೆ ಸರಿದು ತಪ್ಪಿಸಿಕೊಳ್ಳಬಹುದು, ನಡುವಿನಿಂದ ಮುಖಕ್ಕೇ ಬರುವವನಿಂದ ಕಷ್ಟ. ಹಾಗಾಗಿ ನಡುಭಾಗವನ್ನು ಬದಲಿಸಿದ್ದು ಸರಿಯಾದ ಲೆಕ್ಕಾಚಾರ. ಜೊತೆಗೆ, ಡೆಟ್ರಾಯ್ಟ್ ತಂಡದ ಆಕ್ರಮಣ ನಡೆಸುತ್ತಿದ್ದ ಬೆನ್ ಜಾನ್ಸನ್ ಹೆಡ್ ಕೋಚ್ ಆಗಿ ಬಂದರು.

ಅದಕ್ಕೆ ಹಿಂದಿನ ವರ್ಷದ ಅವ್ಯವಸ್ಥೆಯನ್ನೂ ಮರೆಯಬಾರದು. ನವೆಂಬರ್ ನಡುವೆ ಆಕ್ರಮಣದ ಕೋಚ್ ಶೇನ್ ವಾಲ್ಡ್ರನ್‌ಗೆ ಗೇಟ್‌ಪಾಸ್, ಆ ಜಾಗಕ್ಕೆ ಥಾಮಸ್ ಬ್ರೌನ್. ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ಪಂದ್ಯದಲ್ಲಿ ಬೇರ್ಸ್ 23-20ರಿಂದ ಹಿಂದಿತ್ತು. ಅರ್ಧ ನಿಮಿಷದಷ್ಟು ಸಮಯ ಉಳಿದಿರುವಾಗ ವಿಲಿಯಮ್ಸ್ ಸ್ಯಾಕ್ ಆದ. ಕೈಯಲ್ಲಿ ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಇತ್ತು, ಯಾರೂ ಕೇಳಲಿಲ್ಲ. ಗಡಿಯಾರ ಓಡಿತು, ಕೊನೆಯ ಉದ್ದದ ಪಾಸ್ ನೆಲಕ್ಕೆ ಬಿತ್ತು, ಪಂದ್ಯ ಮುಗಿಯಿತು. ಹುಡುಗ ನಿಧಾನ ಮಾಡಿದ್ದು ಹೌದು. ಆದರೂ ಹೊಸಬ ಗಲಿಬಿಲಿಗೊಂಡಾಗ ಟೈಮ್‌ಔಟ್ ಕೇಳಬೇಕಾದ್ದು ಬದಿಯಲ್ಲಿ ನಿಂತ ಕೋಚ್. ಮರುದಿನವೇ ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲಸ್‌ರನ್ನು ತೆಗೆದರು. ಸೀಸನ್ ನಡುವೆ ಹೆಡ್ ಕೋಚನ್ನು ಕಳಿಸಿದ್ದು ಆ ತಂಡದ ಇತಿಹಾಸದಲ್ಲೇ ಮೊದಲು.

ಇಂಟರ್‌ಸೆಪ್ಷನ್ ಕಡಿಮೆ ಇದ್ದರೆ ಒಳ್ಳೆಯದು ತಾನೇ ಎಂದು ಕೇಳಬಹುದು. ಯಾವಾಗಲೂ ಅಲ್ಲ. ಸ್ಯಾಕ್ ಹೆಚ್ಚು, ಇಂಟರ್‌ಸೆಪ್ಷನ್ ಕಡಿಮೆ ಎಂದರೆ ಎಸೆಯಲು ಅಂಜಿ ಚೆಂಡು ಹಿಡಿದು ನಿಲ್ಲುತ್ತಿದ್ದಾನೆ ಎಂಬ ಅನುಮಾನ ಬರಬೇಕು. ಇದಕ್ಕೆ ವಿರುದ್ಧ ಉದಾಹರಣೆ, ಮುಂದೆ ದಿಗ್ಗಜ ಎನಿಸಿದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್. ಅವನು 1998ರ ತನ್ನ ಮೊದಲ ವರ್ಷ 28 ಇಂಟರ್‌ಸೆಪ್ಷನ್ ಎಸೆದ, ತಂಡ 3-13. ಮರುವರ್ಷ 13-3.

ಇನ್ನು ಕಣ್ಣಿಗೆ ಕಾಣುವ ಗುರುತು ಹೆಲ್ಮೆಟ್‌ದು. ಮೊದಲ ರಿಸೀವರ್‌ಗೆ ದಾರಿ ಮುಚ್ಚಿದಾಗ ಹೆಲ್ಮೆಟ್ ಎರಡನೆಯವನ ಕಡೆ ತಿರುಗುತ್ತದೆಯೇ, ಜೊತೆಗೆ ಪಾದವೂ ತಿರುಗುತ್ತದೆಯೇ ನೋಡಿ. ತಲೆ ತಿರುಗಿ ಪಾದ ತಿರುಗದಿದ್ದರೆ ಚೆಂಡು ಗುರಿ ತಪ್ಪಿ ಮೇಲೆ ಹೋಗುತ್ತದೆ. ತಿಂಗಳಿಂದ ತಿಂಗಳಿಗೆ ಇದು ಸುಧಾರಿಸಿದರೆ ಅದು ನಿಜವಾದ ಕಲಿಕೆ.

ಒಂದು ಪಂದ್ಯ ನೋಡಿ ತೀರ್ಪು ಕೊಡಬೇಡಿ; ನಾಲ್ಕು ನಾಲ್ಕು ಪಂದ್ಯಗಳ ಗುಂಪು ಮಾಡಿ ಹೋಲಿಸಿ. 17 ಅಂಕ ಹಿಂದಿದ್ದಾಗ ಕೊನೆಯ ಕ್ವಾರ್ಟರ್‌ನಲ್ಲಿ ಬಂದ ಗಜಗಳನ್ನು ಬದಿಗಿಡಿ, ಎದುರಾಳಿ ಆಗ ಸಮಯ ಕಳೆಯಲು ಬಿಟ್ಟುಕೊಟ್ಟಿರುತ್ತಾನೆ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಶಿಕಾಗೊದ ಮಧ್ಯಾಹ್ನದ ಪಂದ್ಯ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಶುರು. ಪೂರ್ತಿ ಕೂರಲಾಗದಿದ್ದರೆ ಮೊದಲರ್ಧದ ಥರ್ಡ್ ಡೌನ್‌ಗಳನ್ನಷ್ಟೇ ಮರುದಿನ ನೋಡಿದರೂ ಸಾಕು. ರಿಸೀವರ್ ತಪ್ಪು ದಾರಿ ಹಿಡಿದನೇ ಎಂಬುದು ಮಾತ್ರ ಟೀವಿಯ ಹತ್ತಿರದ ಕ್ಯಾಮೆರಾದಲ್ಲಿ ಕಾಣದು, ಅದಕ್ಕೆ 22 ಆಟಗಾರರೂ ಕಾಣುವ ಎತ್ತರದ ವಿಡಿಯೊ ಬೇಕು.